ಕಡಲಿನ ನೆನಪು, ಮುಗಿಲಿನ ಮರೆವು

ಚೈತ್ರದಲ್ಲಿ ನಮ್ಮ ಕಡೆ ಎರಡು ಮಳೆ ಭವಿಷ್ಯ ಬರುತ್ತವೆ. ಮೊದಲನೆಯದು ಯುಗಾದಿಯ ಸಂಜೆ, ಗುಡಿಯ ಜಗಲಿಯ ಮೇಲೆ. ಪುರೋಹಿತರು ಹೊಸ ಪಂಚಾಂಗ ಬಿಡಿಸಿ, ಈ ಸಂವತ್ಸರಕ್ಕೆ ರಾಜ ಯಾರು, ಮಂತ್ರಿ ಯಾರು, ಮೇಘಾಧಿಪತಿ ಯಾರು ಎಂದು ಓದಿ, ಇಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆ ಇಷ್ಟು ಪಾಲು, ಬೆಟ್ಟಕ್ಕೆ ಇಷ್ಟು, ನೆಲಕ್ಕೆ ಇಷ್ಟು ಎಂದು ಹಂಚಿಕೊಡುತ್ತಾರೆ. ಎರಡನೆಯದು ಆಮೇಲೆ, ಏಪ್ರಿಲ್ ನಡುವೆ, ಹವಾಮಾನ ಇಲಾಖೆಯಿಂದ ಬರುತ್ತದೆ. ಅಲ್ಲಿ ಕೊಳಗದ ಬದಲು ಶೇಕಡಾ ಲೆಕ್ಕ.

2023ರ ಏಪ್ರಿಲ್ 11ರಂದು ಬಂದ ಸಂಖ್ಯೆ 96. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ವಾಡಿಕೆ ಮಳೆ 87 ಸೆಂಟಿಮೀಟರ್. ಈ ಸಲ ಅದರ ಶೇ 96ರಷ್ಟು ಬೀಳಬಹುದು ಎಂದು ಇಲಾಖೆ ಹೇಳಿತು. ಶೇ 96ರಿಂದ 104ರವರೆಗೆ ಎಷ್ಟು ಬಂದರೂ ಅದಕ್ಕೆ ವಾಡಿಕೆ ಮಳೆ ಎಂದೇ ಹೆಸರು. ಸಂಖ್ಯೆ ಗೆರೆಯ ಮೇಲೆ ನಿಂತಿತ್ತು, ಆದರೂ ಒಳಗೇ ಇತ್ತು. ಹಾಗಾಗಿ ಮರುದಿನ ಎಲ್ಲೆಡೆ ಒಂದೇ ತಲೆಬರಹ: ಈ ಬಾರಿ ವಾಡಿಕೆ ಮುಂಗಾರು.

ಆ ಆಗಸ್ಟ್‌ನಲ್ಲಿ ಚಳ್ಳಕೆರೆ ಕಡೆಯಿಂದ ನನ್ನ ಸೋದರಮಾವ ಫೋನ್ ಮಾಡಿದರು. "ಏನಪ್ಪಾ ಅಳಿಯ, ನಿಮ್ಮೋರು ವಾಡಿಕೆ ಮಳೆ ಅಂದಿದ್ರಲ್ಲ, ಎಲ್ಲೈತೆ?" ನಾನು ಹವಾಮಾನದವನಲ್ಲ, ವಿಜ್ಞಾನದ ಸುದ್ದಿ ಬರೆದು ಹೊಟ್ಟೆ ಹೊರೆಯುವವನು. ಮಾವನ ಲೆಕ್ಕದಲ್ಲಿ ಇವೆಲ್ಲ ಒಂದೇ ಇಲಾಖೆ. ಹೊಲದಲ್ಲಿ ಶೇಂಗಾ ಹೂ ಬಿಟ್ಟಿತ್ತು. ಶೇಂಗಾದ ಹೂವು ಉದುರಿದ ಮೇಲೆ ಅದರ ತೊಟ್ಟು ಸೂಜಿಯಂತೆ ಕೆಳಗೆ ಬಾಗಿ ಮಣ್ಣಿಗಿಳಿದು ಕಾಯಿ ಕಟ್ಟಬೇಕು. ಆಗ ನೆಲ ಹಸಿಯಾಗಿರದಿದ್ದರೆ ಸೂಜಿ ಒಳಗೆ ಹೋಗುವುದಿಲ್ಲ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎನ್ನುವ ಊರು ಅದು. ಆ ವರ್ಷ ಮಘೆ ಬರಲೇ ಇಲ್ಲ. 1901ರಿಂದ ಇಟ್ಟಿರುವ ದಾಖಲೆಯಲ್ಲಿ ಅಷ್ಟು ಒಣಗಿದ ಆಗಸ್ಟ್ ದೇಶಕ್ಕೆ ಇನ್ನೊಂದಿಲ್ಲ; ಕೊರತೆ ಶೇ 36. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳಲ್ಲಿ ಬರ ಘೋಷಿಸಿತು. ಕೊನೆಗೆ ಅದು 223ಕ್ಕೆ ಮುಟ್ಟಿತು. ರಾಜ್ಯದಲ್ಲಿರುವುದೇ 236 ತಾಲ್ಲೂಕು.

ಇಲಾಖೆ ತಪ್ಪಿತು ಎಂದು ಹೇಳಿ ಫೋನ್ ಇಡಬಹುದಿತ್ತು. ಬಹುಶಃ ಹಾಗೇ ಹೇಳಿದೆ. ಆಮೇಲೆ ಒಂದು ದಿನ ಆ ಏಪ್ರಿಲ್‌ನ ಪ್ರಕಟಣೆಯನ್ನು ಮತ್ತೆ ತೆಗೆದು ಓದಿದಾಗ, 96ರ ಕೆಳಗೆ ಪುಟ್ಟದೊಂದು ಕೋಷ್ಟಕ ಕಣ್ಣಿಗೆ ಬಿತ್ತು. ಅಲ್ಲಿಗೆ ಬರುವ ಮೊದಲು ಒಂದಿಷ್ಟು ದಾರಿ ನಡೆಯಬೇಕು.

ಎರಡು ವಾರದ ಗೋಡೆ

ಮುಂದಿನ ಗುರುವಾರ ಮಳೆ ಬರುತ್ತದೋ ಇಲ್ಲವೋ ಎನ್ನಲು ತಡವರಿಸುವವರು ನಾಲ್ಕು ತಿಂಗಳ ಮಳೆಯ ಬಗ್ಗೆ ಏಪ್ರಿಲ್‌ನಲ್ಲೇ ಮಾತಾಡುವುದಾದರೂ ಹೇಗೆ? ಅರಳಿಕಟ್ಟೆಯ ಮೇಲೆ ಕೂತವರು ಗೇಲಿಗೆ ಕೇಳುವ ಈ ಪ್ರಶ್ನೆಯನ್ನು 1970ರ ದಶಕದ ದೊಡ್ಡ ದೊಡ್ಡ ವಿಜ್ಞಾನಿಗಳೂ ಕೇಳುತ್ತಿದ್ದರು, ಗೇಲಿಯಿಲ್ಲದೆ.

ಅವರ ಅನುಮಾನಕ್ಕೆ ಕಾರಣ ಎಡ್ವರ್ಡ್ ಲೊರೆಂಜ್. ಅಮೆರಿಕದ ಎಂಐಟಿಯಲ್ಲಿದ್ದ ಲೊರೆಂಜ್ 1961ರಲ್ಲಿ ಒಂದು ಪುಟ್ಟ ಕಂಪ್ಯೂಟರಿನಲ್ಲಿ ಹವೆಯ ಸರಳ ಲೆಕ್ಕ ಓಡಿಸುತ್ತಿದ್ದರು. ಒಂದು ಲೆಕ್ಕವನ್ನು ನಡುವಿನಿಂದ ಮತ್ತೆ ಓಡಿಸಬೇಕಾಗಿ ಬಂತು. ಯಂತ್ರದ ಒಳಗಿದ್ದ ಅಂಕಿ 0.506127, ಕಾಗದದ ಮೇಲೆ ಅಚ್ಚಾಗಿದ್ದುದು 0.506. ಅದನ್ನೇ ಕೊಟ್ಟು ಕಾಫಿ ಕುಡಿಯಲು ಹೋದರು. ವಾಪಸು ಬರುವಷ್ಟರಲ್ಲಿ ಹೊಸ ಲೆಕ್ಕ ಹಳೆಯದರ ಕೈಬಿಟ್ಟು ಬೇರೆಯದೇ ದಾರಿ ಹಿಡಿದಿತ್ತು. ಸಾವಿರದಲ್ಲಿ ಒಂದಂಶಕ್ಕೂ ಕಡಿಮೆಯಾದ ವ್ಯತ್ಯಾಸ ಬೆಳೆಬೆಳೆದು ಇಡೀ ಹವೆಯನ್ನೇ ಬೇರೆ ಮಾಡಿತ್ತು. ಈ ಇಡೀ ಭೂಮಿಯ ಗಾಳಿಯನ್ನು ಯಾರೂ ಅಷ್ಟು ನಿಖರವಾಗಿ ಅಳೆಯಲಾರರು. ಹಾಗಾದರೆ ದಿನದಿನದ ಹವೆಯನ್ನು ಮುಂಚೆಯೇ ಹೇಳುವುದಕ್ಕೆ ಒಂದು ಮಿತಿ ಇದೆ. ಅದು ಹೆಚ್ಚುಕಡಿಮೆ ಎರಡು ವಾರ.

ಇಲ್ಲಿ ನನಗೆ ಸದಾ ಸೋಜಿಗವೆನಿಸುವ ಒಂದು ಸಂಗತಿ. ನಮ್ಮ ರೈತರು ಮಳೆಯನ್ನು ತಿಂಗಳಿನಿಂದ ಅಳೆಯುವುದಿಲ್ಲ, ನಕ್ಷತ್ರದಿಂದ ಅಳೆಯುತ್ತಾರೆ. ಆರಿದ್ರಾ ಕೈಕೊಟ್ಟಿತು, ಪುಷ್ಯ ಪರವಾಗಿಲ್ಲ, ಹುಬ್ಬೆ ಹೊಡೆಯಿತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವುದು 13–14 ದಿನ. ಲೊರೆಂಜರ ಗೋಡೆಗೂ ನಮ್ಮ ಒಂದು ಮಳೆಗೂ ಒಂದೇ ಉದ್ದ. ಕಾಕತಾಳೀಯವೇ ಸರಿ, ಇದರಲ್ಲಿ ಪುರಾತನ ವಿಜ್ಞಾನ ಹುಡುಕುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಆದರೆ ಅಳತೆಗೋಲಾಗಿ ಅದು ಬಹಳ ಸೊಗಸಾದದ್ದು: ಒಂದು ಮಳೆ ಕಳೆದು ಮುಂದಿನ ಮಳೆಯಲ್ಲಿ ಇಂಥ ದಿನ ಏನಾಗುತ್ತದೆ ಎಂದು ಹೇಳುವ ಯಂತ್ರ ಈವರೆಗೆ ಹುಟ್ಟಿಲ್ಲ.

ಈ ಗೋಡೆಯ ಪಕ್ಕದಲ್ಲೇ ಒಂದು ಕಿಂಡಿ ಇದೆ ಎಂದು ತೋರಿಸಿದವರಲ್ಲಿ ಮುಖ್ಯರು ಜಗದೀಶ್ ಶುಕ್ಲಾ. ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಮಿರ್ಧಾ ಎಂಬ, ವಿದ್ಯುತ್ತೂ ರಸ್ತೆಯೂ ಇಲ್ಲದ ಹಳ್ಳಿಯಲ್ಲಿ 1944ರಲ್ಲಿ ಹುಟ್ಟಿದವರು. ಮಳೆ ತಪ್ಪಿದರೆ ಒಲೆ ಉರಿಯದ ಊರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ಕೆಲಸ ಮಾಡಿ, ಎಂಐಟಿಗೆ ಹೋದರು. ಅಲ್ಲಿ ಗುರುವಾಗಿ ಸಿಕ್ಕವರು ಜೂಲ್ ಚಾರ್ನಿ. 1950ರಲ್ಲಿ ಎನಿಯಾಕ್ ಕಂಪ್ಯೂಟರಿನಲ್ಲಿ ಜಗತ್ತಿನ ಮೊದಲ ಹವಾಮಾನ ಲೆಕ್ಕ ಹಾಕಿದ ತಂಡದ ಮುಖಂಡ. ಅದೇ ಸಂಸ್ಥೆಯಲ್ಲಿ ಲೊರೆಂಜ್ ಕೂಡ ಇದ್ದರು. ಹವೆ ಮುಂದಾಗಿ ತಿಳಿಯದು ಎಂದವರೂ ಮಳೆಗಾಲ ತಿಳಿಯಬಹುದು ಎಂದವರೂ ಒಂದೇ ಸೂರಿನಡಿ ಇದ್ದರು ಎನ್ನುವುದು ಚೆಂದದ ಸಂಗತಿ.

ಚಾರ್ನಿ, ಶುಕ್ಲಾ ಗಮನಿಸಿದ್ದು ಇಷ್ಟು. ಕಂಪ್ಯೂಟರ್ ಮಾದರಿಯಲ್ಲಿ ಸಮುದ್ರದ ಉಷ್ಣತೆಯನ್ನು ಬದಲಿಸದೆ, ಗಾಳಿಯ ಆರಂಭದ ಸ್ಥಿತಿಯನ್ನು ಮಾತ್ರ ತುಸು ಕದಡಿ ಮತ್ತೆ ಮತ್ತೆ ಓಡಿಸಿದರೆ, ಯುರೋಪು ಅಮೆರಿಕದ ಮೇಲಿನ ಹವೆ ಪ್ರತಿಸಲವೂ ಮನಬಂದಂತೆ ಬೇರೆಯಾಗುತ್ತಿತ್ತು. ನಿಜ ಜೀವನದಲ್ಲಿ ವರ್ಷದಿಂದ ವರ್ಷಕ್ಕೆ ಎಷ್ಟು ಬೇರೆಯಾಗುತ್ತದೋ ಹೆಚ್ಚುಕಡಿಮೆ ಅಷ್ಟೇ. ಮುಂಗಾರಿನ ನಾಡುಗಳಲ್ಲಿ ಮಾತ್ರ ಹಾಗಾಗಲಿಲ್ಲ. ಕದಡಿದರೂ ಫಲಿತಾಂಶ ಸುತ್ತಿ ಸುತ್ತಿ ಒಂದೇ ಕಡೆ ಬರುತ್ತಿತ್ತು. ಆದರೆ ನಿಜವಾದ ಮುಂಗಾರು ವರ್ಷವರ್ಷಕ್ಕೂ ಬಹಳ ಬದಲಾಗುತ್ತದಲ್ಲ? ಹಾಗಿದ್ದರೆ ಆ ಬದಲಾವಣೆಯ ಬಹುಪಾಲು ಗಾಳಿಯೊಳಗಿನ ಗದ್ದಲದಿಂದ ಬಂದದ್ದಲ್ಲ. ಗಾಳಿಯ ಕೆಳಗೆ ಹಾಸಿರುವ ಸಮುದ್ರ, ನೆಲದ ತೇವ, ಹಿಮ ಇವುಗಳಿಂದ ಬಂದದ್ದು. ಇವು ನಿಧಾನವಾಗಿ ಬದಲಾಗುವ ವಸ್ತುಗಳು. ನಿಧಾನವಾದದ್ದನ್ನು ಮುಂಚೆಯೇ ಹೇಳಬಹುದು. 1977ರಲ್ಲಿ ದೆಹಲಿಯ ಸಭೆಯೊಂದರಲ್ಲಿ ಮಂಡಿಸಿ 1981ರಲ್ಲಿ ಅಚ್ಚಾದ ಈ ವಾದವನ್ನು ಚಾರ್ನಿ–ಶುಕ್ಲಾ ಊಹೆ ಎನ್ನುತ್ತಾರೆ. ಅಚ್ಚಾದ ವರ್ಷವೇ ಚಾರ್ನಿ ತೀರಿಕೊಂಡರು.

ಚೌಕಾಬಾರ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮುಂದಿನ ಎಸೆತಕ್ಕೆ ಎಷ್ಟು ಬೀಳುತ್ತದೆಂದು ಯಾರೂ ಹೇಳಲಾರರು. ಈಗ ನಾಲ್ಕು ಕವಡೆಗಳಲ್ಲಿ ಒಂದರ ಹೊಟ್ಟೆಗೆ ಯಾರೋ ಕಳ್ಳತನದಿಂದ ಮೇಣ ತುಂಬಿದ್ದಾರೆ ಅಂದುಕೊಳ್ಳಿ. ಆಗಲೂ ಮುಂದಿನ ಎಸೆತ ಗೊತ್ತಾಗದು. ಆದರೆ 122 ಸಲ ಎಸೆದ ಮೇಲೆ ಒಟ್ಟು ಲೆಕ್ಕ ಯಾವ ಕಡೆ ವಾಲುತ್ತದೆ ಎನ್ನುವುದನ್ನು ಆಟಕ್ಕೆ ಕೂರುವ ಮೊದಲೇ ಹೇಳಬಹುದು. ಜೂನ್ 1ರಿಂದ ಸೆಪ್ಟೆಂಬರ್ 30ಕ್ಕೆ 122 ದಿನ. ಮೇಣ ತುಂಬುವ ಕಳ್ಳ, ಸಮುದ್ರ.

ಉಷ್ಣವಲಯದಲ್ಲೇ ಯಾಕೆ ಈ ಆಟ ಹೆಚ್ಚು ನಡೆಯುತ್ತದೆ? ಲಂಡನ್ನಿನ ಮಳೆ ಎಂದರೆ ಧ್ರುವದ ಕಡೆಯ ತಣ್ಣನೆ ಗಾಳಿಗೂ ದಕ್ಷಿಣದ ಬೆಚ್ಚನೆ ಗಾಳಿಗೂ ನಡೆಯುವ ಜಗಳ. ಜಗಳದಲ್ಲಿ ಯಾವ ಮಾತಿಗೆ ಯಾವ ಮಾತು ಹುಟ್ಟುತ್ತದೆ ಎಂದು ಹೇಳುವುದು ಕಷ್ಟ. ನಮ್ಮ ಕಡೆ ಊರಿಂದೂರಿಗೆ ಗಾಳಿಯ ಉಷ್ಣತೆಯಲ್ಲಿ ಅಂಥ ವ್ಯತ್ಯಾಸವಿಲ್ಲ. ಭೂಮಿ ತಿರುಗುವುದರಿಂದ ಗಾಳಿಗೆ ಸಿಗುವ ತಿರುವೂ ಸಮಭಾಜಕದ ಹತ್ತಿರ ಬಹಳ ಕಡಿಮೆ. ಇಲ್ಲಿ ಹವೆಯನ್ನು ನಡೆಸುವುದು ಮೋಡ. ಮೋಡ ಏಳುವುದು ಬೆಚ್ಚನೆ ನೀರಿನ ಮೇಲೆ. ಬೆಂಗಳೂರಿನ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು 1984ರಲ್ಲಿ ತೋರಿಸಿಕೊಟ್ಟಂತೆ, ಸಮುದ್ರದ ಮೇಲ್ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ದೊಡ್ಡ ಮೋಡಗಳ ಸಂತೆ ಕಟ್ಟುತ್ತದೆ. ಹೊಸಿಲು ದಾಟಿದ ಮೇಲೆ ಎಷ್ಟು ಬಿಸಿಯಾದರೂ ಮೋಡ ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ ಎನ್ನುವುದೂ ಅವರು ಕಂಡದ್ದೇ. ಇನ್ನು ನೀರಿನ ನೆನಪಿನ ಮಾತು: ಕಡಲಿನ ಮೇಲಿನ ಸುಮಾರು 3 ಮೀಟರ್ ನೀರು ಹಿಡಿದಿಡುವ ಶಾಖ, ಅದರ ಮೇಲಿರುವ ಇಡೀ ವಾಯುಮಂಡಲ ಹಿಡಿದಿಡುವ ಶಾಖಕ್ಕೆ ಸಮ. ಮುಗಿಲು ನಿನ್ನೆಯದನ್ನು ಮರೆತರೂ ಕಡಲು ಮೂರು ತಿಂಗಳ ಹಿಂದಿನದನ್ನು ಮರೆಯುವುದಿಲ್ಲ.

ಬರದಿಂದ ಹುಟ್ಟಿದ ವಿದ್ಯೆ

ಇದೆಲ್ಲ ಕಂಪ್ಯೂಟರ್ ಕಾಲದ ಮಾತು. ಹುಡುಕಾಟ ಶುರುವಾದದ್ದು ಅದಕ್ಕೂ ನೂರು ವರ್ಷ ಮೊದಲು, ಹಸಿವಿನಿಂದ. ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ ದಕ್ಷಿಣ ಭಾರತಕ್ಕೆ ಅಪ್ಪಳಿಸಿದ್ದು ಧಾತು ಈಶ್ವರ ಬರ. ಹಳೆ ಮೈಸೂರಿನ ಮುದುಕರ ಬಾಯಲ್ಲಿ ಇತ್ತೀಚಿನವರೆಗೂ ಸಂವತ್ಸರದ ಹೆಸರಲ್ಲೇ ಉಳಿದಿದ್ದ ಬರ ಅದು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷವೂ ಇರಲಿಲ್ಲ.

ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮ ನೋಡಿ ಮುಂಗಾರು ಹೇಳಲು ಹೊರಟರು. ಹಿಮ ಹೆಚ್ಚು ಬಿದ್ದ ವರ್ಷ ಮಳೆ ಕಡಿಮೆ ಎಂಬುದು ಅವರ ಲೆಕ್ಕ. 1886ರಲ್ಲಿ ಇಡೀ ದೇಶಕ್ಕೆ ಮೊದಲ ಅಧಿಕೃತ ಮುನ್ಸೂಚನೆ ಬಂತು. ಅವರ ನಂತರದ ಜಾನ್ ಎಲಿಯಟ್ ಕಾಲದಲ್ಲಿ ಮುನ್ಸೂಚನೆ ಹಿಗ್ಗಿ ಪುಟಗಟ್ಟಲೆ ಆಯಿತು. 1899ರ ಮಹಾ ಬರದ ಮುಂದೆ ಅಷ್ಟೂ ಪುಟ ನೆಲಕಚ್ಚಿತು. ಪತ್ರಿಕೆಗಳ ಬೈಗುಳ ತಾಳಲಾರದೆ ಆಮೇಲೆ ಕೆಲವು ವರ್ಷ ಮುನ್ಸೂಚನೆಯನ್ನು ಗುಟ್ಟಾಗಿಟ್ಟು ಅಧಿಕಾರಿಗಳಿಗೆ ಮಾತ್ರ ಕೊಡುತ್ತಿದ್ದರು. ಇಂದಿನ ಇಲಾಖೆಯವರಿಗೂ ಒಮ್ಮೊಮ್ಮೆ ಆ ಕಾಲ ನೆನೆದು ಆಸೆಯಾಗುತ್ತಿರಬಹುದು.

1904ರಲ್ಲಿ ಆ ಕುರ್ಚಿಗೆ ಬಂದ ಗಿಲ್ಬರ್ಟ್ ವಾಕರ್‌ಗೆ ಹವಾಮಾನದ ಗಂಧವೇ ಇರಲಿಲ್ಲ. ಕೇಂಬ್ರಿಜ್‌ನ ಗಣಿತಜ್ಞ, ಬೂಮರಾಂಗ್ ಎಸೆಯುವ ಹುಚ್ಚಿನವರು, ಕೊಳಲು ಬಾರಿಸುವವರು. ಮುಂಗಾರಿನ ಸಿದ್ಧಾಂತ ತನಗೆ ಗೊತ್ತಿಲ್ಲ, ಆದ್ದರಿಂದ ಜಗತ್ತಿನ ಎಲ್ಲಾ ಅಂಕಿಗಳನ್ನೂ ಒಂದಕ್ಕೊಂದು ತಾಳೆ ನೋಡೋಣ ಎಂದು ಹೊರಟರು. ನೈಲ್ ನದಿಯ ಪ್ರವಾಹ, ದಕ್ಷಿಣ ಅಮೆರಿಕದ ವಾಯುಭಾರ, ಆಸ್ಟ್ರೇಲಿಯಾದ ಮಳೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಆ ಗುಣಾಕಾರ ಭಾಗಾಕಾರವನ್ನೆಲ್ಲ ಮಾಡಿದವರು ಕಚೇರಿಯ ಭಾರತೀಯ ಗುಮಾಸ್ತರು. ಕೊನೆಗೆ ಕಂಡದ್ದು ದೊಡ್ಡದೊಂದು ತಕ್ಕಡಿ: ಪೆಸಿಫಿಕ್‌ನ ಪೂರ್ವದಲ್ಲಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅದು ಇಳಿದಾಗ ಇದು ಏರುತ್ತದೆ. ವಾಕರ್ ಇದಕ್ಕೆ ದಕ್ಷಿಣದ ತೂಗಾಟ ಎಂಬ ಅರ್ಥದ ಹೆಸರಿಟ್ಟರು.

ತಕ್ಕಡಿ ಸಿಕ್ಕಿತು, ತೂಗುವ ಕೈ ಸಿಗಲಿಲ್ಲ. ಅದನ್ನು ಹಿಡಿದದ್ದು 1960ರ ದಶಕದಲ್ಲಿ ಯಾಕೊಬ್ ಬ್ಯರ್ಕ್ನೆಸ್. ಪೆರು ದೇಶದ ಮೀನುಗಾರರಿಗೆ ಕ್ರಿಸ್‌ಮಸ್ ಹೊತ್ತಿಗೆ ಒಮ್ಮೊಮ್ಮೆ ಕಡಲು ಬೆಚ್ಚಗಾಗುವುದು, ಮೀನು ಮಾಯವಾಗುವುದು ಹಿಂದಿನಿಂದಲೂ ಗೊತ್ತಿತ್ತು; ಬಾಲಯೇಸುವಿನ ನೆನಪಿಗೆ ಅದನ್ನು ಎಲ್ ನಿನೊ ಎನ್ನುತ್ತಿದ್ದರು. ಸಾಮಾನ್ಯ ವರ್ಷಗಳಲ್ಲಿ ಪೂರ್ವದಿಂದ ಬೀಸುವ ಗಾಳಿ ಪೆಸಿಫಿಕ್‌ನ ಬೆಚ್ಚನೆ ನೀರನ್ನು ಇಂಡೊನೇಷ್ಯಾ ಕಡೆಗೆ ತಳ್ಳಿ ರಾಶಿ ಹಾಕುತ್ತದೆ. ಅಲ್ಲಿ ಮೋಡ, ಮಳೆ. ಪೆರು ಕಡೆ ಆಳದ ತಣ್ಣೀರು ಮೇಲೆ ಬಂದು ಒಣಹವೆ. ಗಾಳಿ ಸಡಿಲವಾದರೆ ಬೆಚ್ಚನೆ ನೀರು ಪೂರ್ವಕ್ಕೆ ಹರಿದು ಬರುತ್ತದೆ. ನೀರು ಬಂದರೆ ಮೋಡವೂ ಜೊತೆಗೆ ಬರುತ್ತದೆ. ಮೋಡ ಜಾಗ ಬಿಟ್ಟರೆ ಗಾಳಿ ಇನ್ನೂ ಸಡಿಲ. ಮೀನುಗಾರರ ಎಲ್ ನಿನೊ ಮತ್ತು ಗುಮಾಸ್ತರ ತಕ್ಕಡಿ ಒಂದೇ ಪ್ರಾಣಿಯ ಎರಡು ತುದಿ ಎಂದು ಬ್ಯರ್ಕ್ನೆಸ್ ತೋರಿಸಿದರು. ಪೆಸಿಫಿಕ್ ಮೇಲಿನ ಆ ಗಾಳಿಯ ಚಕ್ರಕ್ಕೆ ಅವರು ಇಟ್ಟ ಹೆಸರು ವಾಕರ್ ಪರಿಚಲನೆ. ಸುಲಭದ ಜಾಣತನವಲ್ಲ ಇದು, ದೊಡ್ಡ ಮನಸ್ಸು.

ಆಮೇಲೂ ಪೆಟ್ಟು ತಪ್ಪಲಿಲ್ಲ. 1982–83ರ ದೈತ್ಯ ಎಲ್ ನಿನೊ ಕಣ್ಣ ಮುಂದೆ ಬೆಳೆಯುತ್ತಿದ್ದರೂ ತಜ್ಞರು ಗುರುತಿಸಲಿಲ್ಲ. ಮೆಕ್ಸಿಕೊದ ಎಲ್ ಚಿಚೊನ್ ಜ್ವಾಲಾಮುಖಿ ಉಗುಳಿದ್ದ ದೂಳು ಉಪಗ್ರಹದ ಕಣ್ಣಿಗೆ ಮಂಕುಬೂದಿ ಎರಚಿ ಸಮುದ್ರ ತಣ್ಣಗಿದೆ ಎಂದು ನಂಬಿಸಿತ್ತು. ಆ ಅವಮಾನದಿಂದ ಪೆಸಿಫಿಕ್ ತುಂಬ ಸುಮಾರು 70 ತೇಲುಯಂತ್ರಗಳನ್ನು ಲಂಗರು ಹಾಕಿ ನಿಲ್ಲಿಸಲಾಯಿತು. ಕೆಲಸ ಮುಗಿದದ್ದು 1994ಕ್ಕೆ. ಈ ನಡುವೆ 1986ರಲ್ಲಿ ಮಾರ್ಕ್ ಕೇನ್, ಸ್ಟೀಫನ್ ಜೆಬಿಯಾಕ್ ಕಡಲು–ಗಾಳಿ ಎರಡನ್ನೂ ಜೋಡಿಸಿದ ಮಾದರಿಯಿಂದ ಎಲ್ ನಿನೊವನ್ನು ಮುಂಚಿತವಾಗಿ ಹೇಳಿ ತೋರಿಸಿದರು.

ನಮ್ಮ ಮುಂಗಾರಿನ ಮೊಂಡುತನ

ಇಷ್ಟಾದ ಮೇಲೆ ನಮ್ಮ ಮಳೆ ಸುಲಭವಾಗಬೇಕಿತ್ತು. ಎಲ್ ನಿನೊ ಇದ್ದರೆ ಬರ, ಇಲ್ಲದಿದ್ದರೆ ಇಲ್ಲ. 1997ರಲ್ಲಿ ಶತಮಾನದ ಅತಿ ದೊಡ್ಡ ಎಲ್ ನಿನೊಗಳಲ್ಲೊಂದು ಎದ್ದು ನಿಂತಿತು. ಎಲ್ಲರೂ ಉಸಿರು ಬಿಗಿ ಹಿಡಿದರು. ಮಳೆ ವಾಡಿಕೆಯ ಶೇ 102. 2002ರಲ್ಲಿ ಸಾಧಾರಣದ್ದೊಂದು ಎಲ್ ನಿನೊ. ದೊಡ್ಡ ಬರವಿಲ್ಲದೆ 14 ವರ್ಷ ಕಳೆದಿದ್ದವು, 16 ಅಂಶಗಳ ಅಂಕಿಅಂಶ ಸೂತ್ರದಿಂದ ಇಲಾಖೆ ಶೇ 101 ಎಂದಿತು. ಜುಲೈನಲ್ಲಿ ವಾಡಿಕೆಯ ಅರ್ಧದಷ್ಟೇ ಬಿತ್ತು. ಋತು ಮುಗಿದಾಗ ಶೇ 81. ಹದಿನಾರು ಅಂಶಗಳ ಸೂತ್ರವನ್ನು ಮರುವರ್ಷ ಅಟ್ಟ ಹತ್ತಿಸಲಾಯಿತು.

ಒಗಟಿನ ಒಂದು ತುಂಡು ನಮ್ಮ ಪಕ್ಕದ ಕಡಲಲ್ಲೇ ಇತ್ತು. 1999ರಲ್ಲಿ ಎನ್.ಎಚ್. ಸಾಜಿ, ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಬಿ.ಎನ್. ಗೋಸ್ವಾಮಿ, ಪಿ.ಎನ್. ವಿನಯಚಂದ್ರನ್, ಜಪಾನಿನ ತೊಶಿಯೊ ಯಮಗಾಟ ಸೇರಿ ಹಿಂದೂ ಮಹಾಸಾಗರಕ್ಕೂ ಇಂಥದೇ ಒಂದು ಏರುಪೇರು ಇದೆ ಎಂದು ಬರೆದರು. ಕೆಲವು ವರ್ಷ ಆಫ್ರಿಕಾದ ಕಡೆಯ ನೀರು ಬಿಸಿಯಾಗಿ ಸುಮಾತ್ರಾ ಕಡೆಯದು ತಣ್ಣಗಾಗುತ್ತದೆ. 1997ರಲ್ಲಿ ಆದದ್ದು ಅದೇ. 2004ರಲ್ಲಿ ಗಾಡ್ಗೀಳ್ ತಂಡ ಒಂದು ಹೆಜ್ಜೆ ಮುಂದೆ ಹೋಗಿ, ನೀರಿಗಿಂತ ಅದರ ಮೇಲಿನ ಮೋಡ ಸಮಭಾಜಕದ ಗುಂಟ ಯಾವ ಕಡೆಗೆ, ಪಶ್ಚಿಮಕ್ಕೋ ಪೂರ್ವಕ್ಕೋ, ಸರಿದಿದೆ ಎಂಬುದೇ ಮುಖ್ಯ ಎಂದಿತು. ಪೆಸಿಫಿಕ್ ಕೈ ಕೆಳಗೆ ಎಳೆದರೂ 1997ರಲ್ಲಿ ಹಿಂದೂ ಮಹಾಸಾಗರ ಕೈ ಹಿಡಿದೆತ್ತಿತು. 2002ರಲ್ಲಿ ಎರಡೂ ಕೈಬಿಟ್ಟವು.

ಇನ್ನೊಂದು ತುಂಡು ಅಷ್ಟು ಸಮಾಧಾನದ್ದಲ್ಲ. ಸಮುದ್ರವನ್ನು ಪೂರ್ತಿ ಸರಿಯಾಗಿ ಹೇಳಿದರೂ ಭಾರತದ ಮುಂಗಾರಿನ ಏರಿಳಿತದಲ್ಲಿ ದೊಡ್ಡ ಪಾಲು ಗಾಳಿಯೊಳಗಿನ ಗದ್ದಲದ್ದೇ ಎಂದು 1998ರಲ್ಲಿ ಗೋಸ್ವಾಮಿ ಲೆಕ್ಕ ಹಾಕಿ ತೋರಿಸಿದರು. ಅಂದರೆ ಚಾರ್ನಿ–ಶುಕ್ಲಾ ಊಹೆ ಉಷ್ಣವಲಯದ ಬೇರೆಡೆ ಹೊಂದುವಷ್ಟು ಚೆನ್ನಾಗಿ, ಅದು ಹುಟ್ಟಿದ್ದೇ ಯಾವ ಮಳೆಗಾಗಿಯೋ ಆ ಮಳೆಗೆ ಹೊಂದುವುದಿಲ್ಲ. ನಾಲ್ಕು ಕವಡೆಯಲ್ಲಿ ಒಂದಕ್ಕೆ ಮೇಣ ಹಾಕಿದ್ದು ನಿಜ, ಆದರೆ ಉಳಿದ ಮೂರು ಚೇಷ್ಟೆ ಬಿಟ್ಟಿಲ್ಲ. ಏಪ್ರಿಲ್ ತಿಂಗಳು ಬೇರೆ ಕೆಟ್ಟದ್ದು: ಪೆಸಿಫಿಕ್ ಆಗ ಯಾವ ಕಡೆಗೆ ಹೊರಳಬೇಕೆಂದು ತೀರ್ಮಾನಿಸಿಯೇ ಇರುವುದಿಲ್ಲ. ಇಲಾಖೆಯ ಮಹಾನಿರ್ದೇಶಕರಾಗಿದ್ದ ಚಾರ್ಲ್ಸ್ ನಾರ್ಮಂಡ್ 1953ರಲ್ಲಿ ಕೊಂಚ ನೊಂದೇ ಹೇಳಿದ್ದರು. ಭಾರತದ ಮುಂಗಾರು ನೋಡಿ ಬೇರೆಯವರ ಹವೆ ಹೇಳಬಹುದು, ಬೇರೆಯವರ ಹವೆ ನೋಡಿ ಮುಂಗಾರು ಹೇಳುವುದು ಕಷ್ಟ ಎಂಬ ಅರ್ಥದಲ್ಲಿ.

ಆ ಗದ್ದಲ ಏನೆಂದು ಹೊಲದವರಿಗೆ ಬಿಡಿಸಿ ಹೇಳಬೇಕಿಲ್ಲ. ಹತ್ತು ದಿನ ಜಡಿ, ಹದಿನೈದು ದಿನ ಬಿಸಿಲು. 1980ರಲ್ಲಿ ಡಿ.ಆರ್. ಸಿಕ್ಕಾ ಮತ್ತು ಸುಲೋಚನಾ ಗಾಡ್ಗೀಳ್ ಉಪಗ್ರಹ ಚಿತ್ರಗಳನ್ನು ದಿನದಿನವೂ ಜೋಡಿಸಿ ನೋಡಿದಾಗ, ಸಮಭಾಜಕದ ಹತ್ತಿರ ಮೋಡದ ಪಟ್ಟಿಯೊಂದು ಹುಟ್ಟಿ, ದಿನಕ್ಕೆ ಸುಮಾರು ಒಂದು ಅಕ್ಷಾಂಶದಂತೆ ಮೆಲ್ಲಗೆ ಉತ್ತರಕ್ಕೆ ಹತ್ತಿ, ನಮ್ಮ ಮೇಲೆ ಹಾದು ಹಿಮಾಲಯದ ತಪ್ಪಲು ಸೇರುವುದು ಕಂಡಿತು. ಎರಡರಿಂದ ಆರು ವಾರಕ್ಕೊಮ್ಮೆ ಹೀಗೆ. ಪಟ್ಟಿ ಮೇಲಿದ್ದಾಗ ಮಳೆ, ದಾಟಿದ ಮೇಲೆ ಬಿಡುವು. ಬಿಡುವು ಎಷ್ಟು ಉದ್ದ ಎನ್ನುವುದರ ಮೇಲೆ ಬೆಳೆ ನಿಂತಿದೆ, ನಾಲ್ಕು ತಿಂಗಳ ಮೊತ್ತದ ಮೇಲಲ್ಲ. 2019 ನೆನಪಿರಬಹುದು: ಜೂನ್‌ನಲ್ಲಿ ದೇಶಕ್ಕೆ ಶೇ 33 ಕೊರತೆ, ಆಗಸ್ಟ್‌ನಲ್ಲಿ ಕೃಷ್ಣೆ, ಮಲಪ್ರಭೆ ಊರು ನುಂಗಿದವು, ಋತುವಿನ ಮೊತ್ತ ಶೇ 110. ಆಗುಂಬೆಯ 700 ಸೆಂಟಿಮೀಟರನ್ನೂ ಚಳ್ಳಕೆರೆಯ ಬೊಗಸೆ ಮಳೆಯನ್ನೂ ಒಂದೇ ಪಾತ್ರೆಗೆ ಸುರಿದು ತೆಗೆದ ಸರಾಸರಿ ಯಾರ ಹೊಲದಲ್ಲೂ ಬೀಳುವುದಿಲ್ಲ.

ಎಲ್ಲಾ ಕಡೆ ಪರಿಸ್ಥಿತಿ ಹೀಗಿಲ್ಲ. ಬ್ರೆಜಿಲ್‌ನ ಈಶಾನ್ಯದಲ್ಲಿ ಸಿಯಾರಾ ಎಂಬ ಒಣ ರಾಜ್ಯವಿದೆ, ನಮ್ಮ ಬಯಲುಸೀಮೆಯ ಅಣ್ಣತಮ್ಮನಂಥದು. ಅದರ ಮಳೆಯನ್ನು ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಎರಡೂ ಬಿಗಿಯಾಗಿ ಹಿಡಿದಿವೆ, ಗದ್ದಲ ಕಡಿಮೆ. 1987ರಲ್ಲಿ ಅಲ್ಲಿ ಮಳೆ ಕೈಕೊಟ್ಟಾಗ ಧಾನ್ಯ ಕೈಗೆ ಬಂದದ್ದು ಸುಮಾರು 1 ಲಕ್ಷ ಟನ್. 1992ರಲ್ಲಿ ಮಳೆ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಆದರೆ ಮುನ್ಸೂಚನೆ ನಂಬಿ ಬೇಗ ಬರುವ, ಬರ ತಾಳುವ ಬೀಜ ಹಂಚಿದ್ದರು. ಬಂದದ್ದು 5.3 ಲಕ್ಷ ಟನ್. ಋತುವಿನ ಮುನ್ಸೂಚನೆಯ ಪರವಾಗಿ ಮಾತಾಡುವವರೆಲ್ಲ ಈ ಕಥೆ ಹೇಳುತ್ತಾರೆ. ಹೇಳಲಿ, ಆದರೆ ಸಿಯಾರಾದ ಸಮುದ್ರ ನಮಗಿಲ್ಲ.

ನಮ್ಮಲ್ಲಿ ಕೆಲಸ ನಿಂತಿದೆ ಎಂದಲ್ಲ. 2012ರಲ್ಲಿ ಶುರುವಾದ ಮಾನ್ಸೂನ್ ಮಿಷನ್ ಅಮೆರಿಕದಿಂದ ತಂದ ಕಡಲು–ಗಾಳಿ ಜೋಡಿ ಮಾದರಿಯನ್ನು ಪುಣೆಯಲ್ಲಿ ನಮ್ಮ ಮಳೆಗೆ ಒಗ್ಗಿಸಿತು. ಈಗ ಹಲವು ಮಾದರಿಗಳನ್ನು, ಒಂದೊಂದನ್ನೂ ಆರಂಭದ ಅಂಕಿ ತುಸು ಬದಲಿಸಿ ಹಲವು ಸಲ ಓಡಿಸುತ್ತಾರೆ. ಲೊರೆಂಜರ 0.506 ತಪ್ಪನ್ನು ಬೇಕೆಂದೇ ಮಾಡುವುದು ಇದು. ಪ್ರತಿ ಓಟವೂ ಬೇರೆ ಬೇರೆ ಮಳೆಗಾಲ ತೋರಿಸುತ್ತದೆ. ಎಷ್ಟು ಓಟಗಳಲ್ಲಿ ಕೊರತೆ, ಎಷ್ಟರಲ್ಲಿ ವಾಡಿಕೆ, ಎಷ್ಟರಲ್ಲಿ ಹೆಚ್ಚು ಎಂದು ಎಣಿಸಿದರೆ ಸಿಗುವುದು ಒಂದು ಸಂಖ್ಯೆಯಲ್ಲ, ಪಾಲು ಹಂಚಿಕೆ. ಮುನ್ಸೂಚನೆ ಅಂದರೆ ನಿಜವಾಗಿ ಆ ಹಂಚಿಕೆಯೇ. 96 ಎನ್ನುವುದು ಅದರ ನಡುವೆ ನೆಟ್ಟ ಗೂಟ, ಅದಕ್ಕೂ ಆಚೀಚೆ ಶೇ 5ರ ಸಡಿಲ.

ಈಗ ಆ ಕೋಷ್ಟಕ. 2023ರ ಏಪ್ರಿಲ್‌ನಲ್ಲಿ ಇಲಾಖೆ ಕೊಟ್ಟ ಸಾಧ್ಯತೆಗಳು ಇವು: ಮಳೆ ಶೇ 90ಕ್ಕಿಂತ ಕಡಿಮೆಯಾಗುವ ಸಾಧ್ಯತೆ ನೂರಕ್ಕೆ 22. ಶೇ 90ರಿಂದ 95ರೊಳಗೆ, ಅಂದರೆ ವಾಡಿಕೆಗಿಂತ ಕಡಿಮೆ, 29. ವಾಡಿಕೆ, 35. ಅದಕ್ಕಿಂತ ಹೆಚ್ಚು, 11. ಅತಿ ಹೆಚ್ಚು, 3. ಮೊದಲ ಎರಡನ್ನು ಕೂಡಿಸಿ. 51. ಯಾವ ಮುನ್ಸೂಚನೆಯೂ ಇಲ್ಲದೆ, ಹಳೆಯ ವರ್ಷಗಳ ಲೆಕ್ಕದಿಂದಷ್ಟೇ ಹೇಳಿದರೆ ಈ ಎರಡೂ ಸೇರಿ 33 ಆಗುತ್ತದೆ. ಅಂದರೆ ಕಡಲು ಏಪ್ರಿಲ್‌ನಲ್ಲೇ ಕವಡೆಗೆ ಮೇಣ ತುಂಬಿತ್ತು, ಇಲಾಖೆ ಅದನ್ನು ಕಂಡು ಬರೆದೂ ಇತ್ತು. ಋತು ಮುಗಿದಾಗ ಮಳೆ ಶೇ 94. ಕೋಷ್ಟಕ ಎತ್ತ ಕೈ ತೋರಿಸಿತ್ತೋ ಅತ್ತಲೇ. ಪ್ರಕಟಣೆಯಲ್ಲಿ ದಪ್ಪಕ್ಷರದಲ್ಲಿದ್ದುದು 96. ಓದಿದವರು ಓದಿದ್ದೂ ಅಷ್ಟೇ.

ಕೋಷ್ಟಕ ಓದಿದ್ದರೂ ಆಗಸ್ಟ್‌ನ ಬಿಡುವು ಅದರಲ್ಲಿ ಸಿಗುತ್ತಿರಲಿಲ್ಲ. ಅದಕ್ಕೆ ಬೇರೆ ಸಾಧನ ಬೇಕು. ಪ್ರತಿ ಗುರುವಾರ ಇಲಾಖೆ ಮುಂದಿನ ನಾಲ್ಕು ವಾರಗಳ ಮುನ್ಸೂಚನೆ ಬಿಡುಗಡೆ ಮಾಡುತ್ತದೆ. ಸಿಕ್ಕಾ–ಗಾಡ್ಗೀಳ್ ಕಂಡ ಮೋಡದ ಪಟ್ಟಿ ಎಲ್ಲಿದೆ ಎಂಬುದೂ, ರೊಲಂಡ್ ಮ್ಯಾಡನ್ ಮತ್ತು ಪಾಲ್ ಜೂಲಿಯನ್ 1971ರಲ್ಲಿ ಗುರುತಿಸಿದ, ಸಮಭಾಜಕದ ಸುತ್ತ ಪೂರ್ವಕ್ಕೆ ಸಾಗುವ ಮೋಡದ ಅಲೆ ಎಲ್ಲಿದೆ ಎಂಬುದೂ ಅದರ ಆಧಾರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಈಗಿನ ಮಳೆ ಮತ್ತು ಮುಂದಿನ ಮಳೆ, ಅಷ್ಟರ ಅಂದಾಜು. ಅದು ದಿನ ಹೇಳುವುದಿಲ್ಲ, ವಾರ ಹೇಳುತ್ತದೆ. ಗೊಬ್ಬರ ಈ ವಾರ ಕೊಡುವುದೋ ಬೇಡವೋ ಎಂದು ತೀರ್ಮಾನಿಸಲು ಅಷ್ಟು ಸಾಕು. ಯುಗಾದಿ ಸುಮಾರಿಗೆ ಬರುವ ಸಂಖ್ಯೆಗೆ ಸಿಗುವ ಪ್ರಚಾರದ ಹತ್ತರಲ್ಲಿ ಒಂದು ಪಾಲು ಈ ಗುರುವಾರದ ಕಾಗದಕ್ಕೆ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಮುನ್ಸೂಚನೆಯೇ ಇಲ್ಲದೆ ಮಾಡಬಹುದಾದದ್ದೂ ಇದೆ. ಚಳ್ಳಕೆರೆಗೆ ಹೊಂದಿಕೊಂಡ ಪಾವಗಡ–ಅನಂತಪುರ ಸೀಮೆಯಲ್ಲಿ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು ರೈತರ ಜೊತೆ ಕೂತು, ಹಲವು ದಶಕಗಳ ಮಳೆ ದಾಖಲೆಯನ್ನು ಬೆಳೆಯ ಮಾದರಿಯೊಂದಕ್ಕೆ ಉಣಿಸಿ, ಶೇಂಗಾವನ್ನು ಯಾವ ವಾರ ಬಿತ್ತಿದರೆ ಕಾಯಿ ಕಟ್ಟುವ ಹೊತ್ತಿಗೆ ಬಿಡುವಿನ ಬಾಯಿಗೆ ಸಿಕ್ಕುವ ಅಪಾಯ ಕಡಿಮೆ ಎಂದು ಲೆಕ್ಕ ಹಾಕಿದರು. ಪ್ರಶ್ನೆ ವಿಜ್ಞಾನಿಗಳದ್ದಲ್ಲ, ರೈತರದ್ದು. ನನಗೆ ಗೊತ್ತಿರುವ ಹವಾಮಾನ ಸಂಶೋಧನೆಗಳಲ್ಲಿ ನಾನು ಹೆಚ್ಚು ಮೆಚ್ಚುವುದು ಇದನ್ನೇ. ಅದರಲ್ಲಿ ಪೆಸಿಫಿಕ್ ಸಾಗರವೂ ಇಲ್ಲ, ಸೂಪರ್ ಕಂಪ್ಯೂಟರೂ ಇಲ್ಲ.

ಕಳೆದ ಸಲ ಊರಿಗೆ ಹೋದಾಗ ಮಾವನ ಮುಂದೆ ಆ 2023ರ ಕೋಷ್ಟಕ ಇಟ್ಟೆ. ಕಣದ ಮೂಲೆಯ ಬೇವಿನ ಮರದ ಕೆಳಗೆ ಕನ್ನಡಕ ಏರಿಸಿ, ಬೆರಳು ಮಡಚುತ್ತಾ ಕೂಡಿಸಿದರು. 22, 29.

"ಅಂದ್ರೆ ಅರ್ಧಕ್ಕರ್ಧ ಕೈಕೊಡೋ ಲೆಕ್ಕ."

"ಹೌದು ಮಾವ."

"ಇದು ಏಪ್ರಿಲ್‌ನಾಗೇ ಇತ್ತಾ?"

"ಇತ್ತು."

"ಮತ್ತೆ ಪೇಪರ್‌ನಾಗೆ ವಾಡಿಕೆ ಮಳೆ ಅಂತ ಬರೆದೋರು ಯಾರು?"

ಬರೆದವರಲ್ಲಿ ನಾನೂ ಒಬ್ಬ. ಹೇಳಿದೆ. ಮಾವ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಕಾಗದ ಮಡಚಿ ಅಂಗಿ ಜೇಬಿಗಿಟ್ಟುಕೊಂಡು ಎದ್ದರು.

"ಹೇಳಿದ್ರೆ ಕೆಳಗಿನ ಎರಡೆಕ್ರೆಗೆ ನವಣೆ ಹಾಕ್ತಿದ್ದೆ."